ಮೊಣಕಾಲು ಅವನದು, ಪಂದ್ಯ ಯಾರದು?

(ಓಹಾಯೋದ ಕೊಲಂಬಸ್‌ನಲ್ಲಿ ಕನ್ನಡಿಗರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತುಗಳು. ಓದಲು ಹೊಂದುವ ಹಾಗೆ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ಇವತ್ತಿನ ಫುಟ್‌ಬಾಲ್ ಮೆಸ್ಸಿ ಆಡುವ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿ, ಭುಜಕ್ಕೆ ಪ್ಯಾಡ್ ಕಟ್ಟಿ, ಎದುರಿನವನ ಮೇಲೆ ಬೀಳುವ ಅಮೆರಿಕನ್ ಫುಟ್‌ಬಾಲ್. ಈ ಊರಿನಲ್ಲಿ ಇರುವವರಿಗೆ ಅದರ ಪರಿಚಯ ಬೇಕಿಲ್ಲ. ಲಕ್ಷ ಜನ ಕೂರುವ ಸ್ಟೇಡಿಯಂ ಪಕ್ಕದಲ್ಲೇ ಇದೆ. ಪಂದ್ಯದ ಶನಿವಾರ ಆ ಕಡೆ ಕಾರು ತಿರುಗಿಸಿ ಸಿಕ್ಕಿಹಾಕಿಕೊಳ್ಳದವರು ನಮ್ಮಲ್ಲಿ ಯಾರಾದರೂ ಇದ್ದಾರಾ?

ಪ್ರತಿ ಡಿಸೆಂಬರ್‌ನಲ್ಲಿ ಇಲ್ಲಿ ಒಂದು ಜಗಳ ಶುರುವಾಗುತ್ತದೆ. ಸೀಸನ್ ಪೂರ್ತಿ ಕಾಲೇಜಿಗಾಗಿ ಆಡಿದ ಹುಡುಗ, ಕೊನೆಯಲ್ಲಿ ಬರುವ ಬೌಲ್ ಎಂಬ ಆಹ್ವಾನ ಪಂದ್ಯದ ಹೊತ್ತಿಗೆ ‘ನಾನು ಆಡುವುದಿಲ್ಲ, ಎನ್‌ಎಫ್‌ಎಲ್ ಡ್ರಾಫ್ಟ್‌ಗೆ ತಯಾರಾಗುತ್ತೇನೆ’ ಎನ್ನುತ್ತಾನೆ. ಇದಕ್ಕೆ ಆಪ್ಟ್ ಔಟ್ ಎಂದು ಹೆಸರು. ಎನ್‌ಎಫ್‌ಎಲ್ ಅಂದರೆ ವೃತ್ತಿಪರ ಲೀಗ್, ಡ್ರಾಫ್ಟ್ ಅಂದರೆ ಅದರ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವುದು. ಅರ್ಧ ಊರು ಅವನನ್ನು ಸ್ವಾರ್ಥಿ ಅನ್ನುತ್ತದೆ, ಉಳಿದರ್ಧ ಜಾಣ ಅನ್ನುತ್ತದೆ. ನಾನು ಹೇಳಬೇಕೆಂದಿರುವುದು ಇಷ್ಟು. ಯಾವ ಪಂದ್ಯಕ್ಕೆ ಎಷ್ಟು ಬೆಲೆ ಎಂದು ಈ ಹುಡುಗರು ಲೆಕ್ಕ ಹಾಕುತ್ತಿದ್ದಾರೆ. ಆ ಲೆಕ್ಕ ಬಹಳ ಮಟ್ಟಿಗೆ ಸರಿಯಾಗಿದೆ. ಅದನ್ನು ಅವರಿಗೆ ಕಲಿಸಿದ್ದೂ ದೊಡ್ಡವರೇ.

2016ರ ಜನವರಿ 1ಕ್ಕೆ ಹೋಗೋಣ. ಅರಿಜೋನಾದ ಗ್ಲೆಂಡೇಲ್‌ನಲ್ಲಿ ಫಿಯೆಸ್ಟಾ ಬೌಲ್. ನಮ್ಮ ಊರಿನ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯ ಒಂದು ಕಡೆ, ನೋಟ್ರ ಡೇಮ್ ಇನ್ನೊಂದು ಕಡೆ. ನೋಟ್ರ ಡೇಮ್‌ನಲ್ಲಿ ಜೇಲನ್ ಸ್ಮಿತ್ ಎಂಬ ಲೈನ್‌ಬ್ಯಾಕರ್, ಅಂದರೆ ಎದುರಾಳಿಯ ದಾಳಿ ತಡೆಯುವ ಆಟಗಾರ, ಇದ್ದ. ಆ ವರ್ಷ ದೇಶದ ಅತ್ಯುತ್ತಮ ಲೈನ್‌ಬ್ಯಾಕರ್ ಎಂದು ಬಟ್ಕಸ್ ಪ್ರಶಸ್ತಿ ಪಡೆದವನು. ಡ್ರಾಫ್ಟ್‌ನಲ್ಲಿ ಮೊದಲ ಐದಾರು ಹೆಸರುಗಳಲ್ಲಿ ಅವನದೂ ಇರುತ್ತದೆ ಎಂದು ಎಲ್ಲರೂ ಬರೆದಿದ್ದರು. ಮೊದಲ ಕ್ವಾರ್ಟರ್‌ನಲ್ಲೇ ಎದುರಾಳಿಯೊಬ್ಬ ತಳ್ಳಿದಾಗ ಅವನ ಎಡಗಾಲು ನೆಲಕ್ಕೆ ತಪ್ಪಾಗಿ ಊರಿತು. ಮೊಣಕಾಲಿನ ಎರಡು ಲಿಗಮೆಂಟ್ ಹರಿದವು. ಅದಕ್ಕಿಂತ ಕೆಟ್ಟದ್ದು ನರಕ್ಕೆ ಆದ ಪೆಟ್ಟು. ಪಾದ ಮೇಲಕ್ಕೆ ಎತ್ತಲು ಆಗದ ಸ್ಥಿತಿ.

ಅದೇ ಪಂದ್ಯದಲ್ಲಿ ಓಹಾಯೋ ಸ್ಟೇಟ್‌ನ ಎಜೀಕಿಯಲ್ ಎಲಿಯಟ್ 149 ಗಜ ಓಡಿ ನಾಲ್ಕು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೆರೆ ದಾಟಿಸಿ ಪಡೆಯುವ ಅಂಕ) ಹೊಡೆದ. ಪಂದ್ಯ 44-28ರಲ್ಲಿ ನಮ್ಮದಾಯಿತು. ನಾಲ್ಕು ತಿಂಗಳ ನಂತರ ಡ್ರಾಫ್ಟ್ ಬಂತು. ಡಲ್ಲಾಸ್ ಕೌಬಾಯ್ಸ್ ತಂಡ ನಾಲ್ಕನೆಯ ಆಯ್ಕೆಯಾಗಿ ಎಲಿಯಟ್‌ನನ್ನು ತೆಗೆದುಕೊಂಡಿತು. ಮರುದಿನ ಅದೇ ತಂಡ 34ನೆಯ ಆಯ್ಕೆಯಾಗಿ ಸ್ಮಿತ್‌ನನ್ನು ತೆಗೆದುಕೊಂಡಿತು. ಅವನ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಮಾಡಿದ್ದು ಕೌಬಾಯ್ಸ್ ತಂಡದ ವೈದ್ಯರೇ ಆಗಿದ್ದರಿಂದ ಅವರಿಗೆ ಆ ಧೈರ್ಯ ಬಂತು. ಎಲಿಯಟ್‌ಗೆ ನಾಲ್ಕು ವರ್ಷಕ್ಕೆ ಸುಮಾರು 2.5 ಕೋಟಿ ಡಾಲರ್. ಸ್ಮಿತ್‌ಗೆ ಅದೇ ನಾಲ್ಕು ವರ್ಷಕ್ಕೆ ಸುಮಾರು 65 ಲಕ್ಷ ಡಾಲರ್. ಒಂದೇ ತಂಡ, ಒಂದೇ ಡ್ರಾಫ್ಟ್, ಇಬ್ಬರೂ ಕಾಲೇಜಿಗಾಗಿ ಆಡಿದ ಕೊನೆಯ ಪಂದ್ಯವೂ ಒಂದೇ.

ಇನ್ನೊಂದು ಮಾತು ಇದೆ, ಅದನ್ನು ಟಿವಿಯಲ್ಲಿ ಜಾಸ್ತಿ ಹೇಳುವುದಿಲ್ಲ. ಆ ಪಂದ್ಯಕ್ಕೆ ಯಾವ ಪಟ್ಟವೂ ಇರಲಿಲ್ಲ. ಆ ವರ್ಷದ ಪ್ಲೇಆಫ್‌ನ, ಅಂದರೆ ರಾಷ್ಟ್ರೀಯ ಪಟ್ಟಕ್ಕಾಗಿ ಆಡುವ ಪಂದ್ಯಗಳ, ಸೆಮಿಫೈನಲ್‌ಗಳು ಹಿಂದಿನ ದಿನವೇ ಬೇರೆ ನಾಲ್ಕು ತಂಡಗಳ ನಡುವೆ ಮುಗಿದಿದ್ದವು. ಫಿಯೆಸ್ಟಾ ಗೆದ್ದವರಿಗೆ ಟ್ರೋಫಿ, ಟೊಪ್ಪಿ, ಟಿ-ಶರ್ಟ್. ಅಷ್ಟೇ.

ಬೌಲ್ ಅಂದರೆ ಏನು ಎಂದು ಹೊಸದಾಗಿ ಬಂದವರು ಕೇಳುತ್ತಾರೆ. ಕಾಲೇಜು ತಂಡಗಳು ಆಗಸ್ಟ್ ಕೊನೆಯಿಂದ ನವೆಂಬರ್ ಕೊನೆಯವರೆಗೆ 12 ಪಂದ್ಯ ಆಡುತ್ತವೆ. ಅದರಲ್ಲಿ ಆರು ಗೆದ್ದರೆ ಸಾಮಾನ್ಯವಾಗಿ ಯಾವುದಾದರೂ ಊರಿನಿಂದ ಆಹ್ವಾನ ಬರುತ್ತದೆ. ನಮ್ಮ ಕಡೆಯ ಜಾತ್ರೆ ಕುಸ್ತಿ ನೆನಪಿಸಿಕೊಳ್ಳಿ. ಗೆದ್ದವನಿಗೆ ಮೆರವಣಿಗೆ, ಊರಿಗೆ ವ್ಯಾಪಾರ, ಹಾಗಂತ ರಾಜ್ಯ ಚಾಂಪಿಯನ್ ಪಟ್ಟವೇನೂ ಅಲ್ಲ. ಚಳಿಗಾಲದಲ್ಲಿ ಬೆಚ್ಚಗಿನ ಊರುಗಳಿಗೆ ಪ್ರವಾಸಿಗಳನ್ನು ಕರೆಸಲು ಹುಟ್ಟಿದ ಪಂದ್ಯಗಳು ಇವು.

ಮೊದಲನೆಯದು 1902ರಲ್ಲಿ ಕ್ಯಾಲಿಫೋರ್ನಿಯಾದ ಪಸಾಡಿನಾದಲ್ಲಿ ನಡೆಯಿತು. ಮಿಷಿಗನ್ 49, ಸ್ಟ್ಯಾನ್‌ಫರ್ಡ್ 0. ಇನ್ನೂ ಎಂಟು ನಿಮಿಷ ಆಟ ಇರುವಾಗಲೇ ಸ್ಟ್ಯಾನ್‌ಫರ್ಡ್‌ನವರು ‘ಸಾಕು’ ಎಂದು ನಿಲ್ಲಿಸಿದರು. ಅಂದರೆ ಬೌಲ್ ಬಿಟ್ಟು ಹೋಗುವ ಪದ್ಧತಿ ಬೌಲ್‌ನಷ್ಟೇ ಹಳೆಯದು ಎಂದು ತಮಾಷೆಗೆ ಹೇಳಬಹುದು! ಈಗ ಪ್ಲೇಆಫ್ ಬಿಟ್ಟು ಸುಮಾರು 35 ಬೌಲ್‌ಗಳಿವೆ. ಷಾರ್ಲಟ್‌ನಲ್ಲಿ ಮೇಯನೇಸ್ ಕಂಪನಿಯ ಬೌಲ್ ಇದೆ, ಗೆದ್ದ ಕೋಚ್ ತಲೆ ಮೇಲೆ ಮೇಯನೇಸ್ ಸುರಿಯುತ್ತಾರೆ. ಒರ್ಲಾಂಡೊದಲ್ಲಿ ಪಾಪ್ ಟಾರ್ಟ್ಸ್ ಎಂಬ ತಿಂಡಿಯ ಬೌಲ್ ಇದೆ, ಅಲ್ಲಿ ಗೆದ್ದವರು ಆ ತಿಂಡಿಯ ರೂಪದ ಮ್ಯಾಸ್ಕಾಟನ್ನೇ (ಲಾಂಛನದ ಬೊಂಬೆ) ತಿನ್ನುತ್ತಾರೆ. ಬೋಯ್ಸಿಯಲ್ಲಿ ಆಲೂಗಡ್ಡೆ ಬೌಲ್. ಹಲವು ಬೌಲ್‌ಗಳ ಮಾಲೀಕತ್ವ ಇಎಸ್‌ಪಿಎನ್ ಎಂಬ ಕ್ರೀಡಾ ಚಾನೆಲ್ ಕೈಯಲ್ಲೇ ಇದೆ. ಡಿಸೆಂಬರ್ ರಜೆಯಲ್ಲಿ ಟಿವಿ ತುಂಬಿಸಬೇಕಲ್ಲ.

ಇದರಲ್ಲಿ ಆಟಗಾರನಿಗೆ ಏನು ಸಿಗುತ್ತಿತ್ತು? ಬೌಲ್ ಸಮಿತಿ 550 ಡಾಲರ್‌ವರೆಗಿನ ಉಡುಗೊರೆ ಕೊಡಬಹುದು ಎಂಬ ಮಿತಿ ಇತ್ತು. ಹೆಡ್‌ಫೋನ್, ವಾಚ್, ಬ್ಯಾಗು. ದೊಡ್ಡ ಕೋಚ್‌ಗಳ ಸಂಬಳ ವರ್ಷಕ್ಕೆ ಒಂದು ಕೋಟಿ ಡಾಲರ್ ದಾಟಿದೆ. ಬೌಲ್‌ಗೆ ಹೋದರೆ ಬೇರೆ ಬೋನಸ್.

ಹೀಗಿರುವಾಗ 2016ರ ಡಿಸೆಂಬರ್‌ನಲ್ಲಿ ಇಬ್ಬರು ಹುಡುಗರು ಎದ್ದು ನಿಂತರು. ಲೂಸಿಯಾನಾ ಸ್ಟೇಟ್ (ಎಲ್‌ಎಸ್‌ಯು) ಕಾಲೇಜಿನ ಲಿಯೊನಾರ್ಡ್ ಫೋರ್ನೆಟ್, ಸ್ಟ್ಯಾನ್‌ಫರ್ಡ್‌ನ ಕ್ರಿಶ್ಚಿಯನ್ ಮೆಕ್‌ಕ್ಯಾಫ್ರಿ. ಇಬ್ಬರೂ ರನ್ನಿಂಗ್ ಬ್ಯಾಕ್, ಅಂದರೆ ಚೆಂಡು ಹಿಡಿದು ಜನರ ಗುಂಪಿನೊಳಗೆ ನುಗ್ಗುವ ಕೆಲಸ. ಮೈದಾನದಲ್ಲಿ ದೇಹ ಬೇಗ ಸವೆಯುವ ಜಾಗ ಅದು. ಫೋರ್ನೆಟ್‌ಗೆ ಆ ಸೀಸನ್ ಪೂರ್ತಿ ಕಾಲಿನ ಗಿಣ್ಣು ನೋವು ಕಾಡಿತ್ತು. ಅವನು ಸಿಟ್ರಸ್ ಬೌಲ್ ಬಿಟ್ಟ, ಮೆಕ್‌ಕ್ಯಾಫ್ರಿ ಸನ್ ಬೌಲ್ ಬಿಟ್ಟ. ಅವರಿಲ್ಲದೆಯೂ ಎರಡೂ ತಂಡ ಗೆದ್ದವು, ಅದನ್ನು ಯಾರೂ ಗಮನಿಸಲಿಲ್ಲ. ಬೈಗುಳ ಮಾತ್ರ ಬೇಕಾದಷ್ಟು ಬಂತು.

ಆಗ ಎಲಿಯಟ್ ಟ್ವಿಟರ್‌ನಲ್ಲಿ ಅಸಮಾಧಾನ ತೋರಿಸಿದ. ಓಹಾಯೋ ಸ್ಟೇಟ್ ಬಣ್ಣದಲ್ಲಿ ಗೆಳೆಯರ ಜೊತೆ ಇನ್ನೊಂದು ಪಂದ್ಯ ಆಡಲು ತಾನು ಏನು ಬೇಕಾದರೂ ಕೊಡುತ್ತೇನೆ ಎಂಬ ಅರ್ಥದ ಮಾತು. ಆಶ್ಚರ್ಯವೆಂದರೆ ಸ್ಮಿತ್ ಕೂಡ ಬರೆದ. ಇಷ್ಟೆಲ್ಲ ಆದ ಮೇಲೂ ಆ ಜನವರಿ 1ಕ್ಕೆ ಮರಳಿ ಹೋದರೆ ಮತ್ತೆ ಆಡುತ್ತೇನೆ ಎಂದ. ಅದೇ ಡಿಸೆಂಬರ್ 30ರಂದು ಆರೆಂಜ್ ಬೌಲ್‌ನಲ್ಲಿ ಮಿಷಿಗನ್‌ನ ಜೇಕ್ ಬಟ್‌ನ ಮೊಣಕಾಲಿನ ಲಿಗಮೆಂಟ್ ಹರಿಯಿತು. ಡ್ರಾಫ್ಟ್‌ನಲ್ಲಿ ಅವನು ಐದನೇ ಸುತ್ತಿಗೆ ಜಾರಿದ. ಅವನೂ ಆಡಿದ್ದಕ್ಕೆ ಪಶ್ಚಾತ್ತಾಪವಿಲ್ಲ ಎಂದ.

ಈ ಮಾತುಗಳನ್ನು ನಾನು ಪೂರ್ತಿ ನಂಬುತ್ತೇನೆ. ಆಟವನ್ನು ಅಷ್ಟು ಪ್ರೀತಿಸದವನು ಆ ಮಟ್ಟಕ್ಕೆ ಏರುವುದೇ ಇಲ್ಲ. ಆದರೆ ಸ್ಮಿತ್ ತನ್ನ ಕಾಲಿನ ಬಗ್ಗೆ ಹೇಳಿದ ಮಾತನ್ನು ಹಿಡಿದು ಮೆಕ್‌ಕ್ಯಾಫ್ರಿಯ ಕಾಲಿನ ಬಗ್ಗೆ ತೀರ್ಪು ಕೊಡಲು ಬರುವುದಿಲ್ಲ. 2017ರ ಡ್ರಾಫ್ಟ್‌ನಲ್ಲಿ ಫೋರ್ನೆಟ್ ನಾಲ್ಕನೆಯವನಾಗಿ ಹೋದ, ಮೆಕ್‌ಕ್ಯಾಫ್ರಿ ಎಂಟನೆಯವನಾಗಿ. ತಂಡಗಳು ಅವರನ್ನು ಕೈಬಿಡಲಿಲ್ಲ. 2019ರಲ್ಲಿ ಮೆಕ್‌ಕ್ಯಾಫ್ರಿ ಒಂದೇ ಸೀಸನ್‌ನಲ್ಲಿ ಓಡಿ ಸಾವಿರ ಗಜ, ಚೆಂಡು ಹಿಡಿದು ಸಾವಿರ ಗಜ ಮಾಡಿದ. ಅವನಿಗೆ ಆಟದ ಮೇಲೆ ಪ್ರೀತಿ ಇಲ್ಲ ಎಂದು ಈಗ ಯಾರಾದರೂ ಹೇಳಲಿ ನೋಡೋಣ.

ಇಷ್ಟಕ್ಕೂ ಡ್ರಾಫ್ಟ್‌ನಲ್ಲಿ ಕೆಲವು ಸ್ಥಾನ ಜಾರಿದರೆ ಅಷ್ಟೊಂದು ನಷ್ಟ ಯಾಕೆ? 2011ರಲ್ಲಿ ಎನ್‌ಎಫ್‌ಎಲ್ ಮತ್ತು ಆಟಗಾರರ ಸಂಘದ ನಡುವೆ ಆದ ಒಪ್ಪಂದದಲ್ಲಿ ಹೊಸಬರ ಸಂಬಳವನ್ನು ಆಯ್ಕೆಯ ಕ್ರಮಾಂಕಕ್ಕೆ ಕಟ್ಟಿಹಾಕಿದರು. ಮೊದಲು ಚೌಕಾಸಿಗೆ ಜಾಗ ಇತ್ತು, ಈಗ ಬಹುಪಾಲು ಇಲ್ಲ. ಫೆಬ್ರವರಿ ಕೊನೆಗೆ ಇಂಡಿಯಾನಾಪೊಲಿಸ್‌ನಲ್ಲಿ ಎಲ್ಲ ತಂಡಗಳ ವೈದ್ಯರು ಈ ಹುಡುಗರ ಕೀಲು ಕೀಲನ್ನೂ ತಿರುಗಿಸಿ ನೋಡುತ್ತಾರೆ. ಡಿಸೆಂಬರ್ ಕೊನೆಯಲ್ಲಿ ಹರಿದ ಲಿಗಮೆಂಟ್ ಅಷ್ಟರಲ್ಲಿ ಕೂಡಿರುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಗಾಯವಾದವನಿಗೆ ಚೇತರಿಸಿಕೊಳ್ಳಲು ತಿಂಗಳುಗಳಿವೆ. ಬೌಲ್‌ನಲ್ಲಿ ಗಾಯವಾದವನಿಗೆ ಆ ಸಮಯವೂ ಇಲ್ಲ.

ಹಾಗಾದರೆ ಬೇಗ ಹೊರಟುಹೋಗಬಹುದಲ್ಲ ಎಂದರೆ ಅದೂ ಸಾಧ್ಯವಿಲ್ಲ. ಹೈಸ್ಕೂಲ್ ಮುಗಿದು ಮೂರು ವರ್ಷ ಆಗದವನನ್ನು ಎನ್‌ಎಫ್‌ಎಲ್ ತೆಗೆದುಕೊಳ್ಳುವುದಿಲ್ಲ. ಇದನ್ನು ಕೋರ್ಟಿಗೆ ಎಳೆದವನು ನಮ್ಮೂರ ತಂಡದ ಮಾರಿಸ್ ಕ್ಲಾರೆಟ್. 2004ರಲ್ಲಿ ಮೇಲ್ಮನವಿ ಕೋರ್ಟ್ ಅವನ ವಿರುದ್ಧ ತೀರ್ಪು ಕೊಟ್ಟಿತು. 2003ರ ಜನವರಿಯ ಫಿಯೆಸ್ಟಾ ಬೌಲ್ ಹಳಬರಿಗೆ ನೆನಪಿರುತ್ತದೆ. ಎರಡು ಓವರ್‌ಟೈಮ್, ಗೆಲುವಿನ ಟಚ್‌ಡೌನ್ ಕ್ಲಾರೆಟ್‌ನದು. ಅದೇ ಪಂದ್ಯದಲ್ಲಿ ಮಯಾಮಿಯ ವಿಲಿಸ್ ಮೆಗಾಹಿಯ ಮೊಣಕಾಲು ಹಿಂದಕ್ಕೆ ಬಾಗಿದ ದೃಶ್ಯ ನೋಡಿದವರು ಇವತ್ತಿಗೂ ಮರೆತಿಲ್ಲ. ಅವನು 23ನೆಯ ಆಯ್ಕೆಯಾದ, ಒಂದು ವರ್ಷ ಹೊರಗೆ ಕೂತು, ಆಮೇಲೆ ಹತ್ತು ಸೀಸನ್ ಆಡಿದ. ಆದರೆ ಅದು ರಾಷ್ಟ್ರೀಯ ಚಾಂಪಿಯನ್‌ಷಿಪ್ ಪಂದ್ಯ. ಅಂಥ ಪಂದ್ಯ ಬಿಡಬೇಕಿತ್ತು ಎಂದು ಅವನಿಗೆ ಯಾರೂ ಹೇಳಲಿಲ್ಲ, ಇವತ್ತೂ ಹೇಳುವುದಿಲ್ಲ.

ವಿಮೆ ಇದೆಯಲ್ಲ ಅನ್ನುತ್ತಾರೆ. ಇದೆ. ಗಾಯದಿಂದ ಡ್ರಾಫ್ಟ್‌ನಲ್ಲಿ ಇಂತಿಷ್ಟು ಕೆಳಗೆ ಹೋದರೆ ಹಣ ಕೊಡುವ ಪಾಲಿಸಿಗಳಿವೆ. ಸ್ಮಿತ್‌ಗೆ ಸುಮಾರು 9 ಲಕ್ಷ ಡಾಲರ್ ಬಂತೆಂದು ಪತ್ರಿಕೆಗಳು ಬರೆದವು. ಮೇಲಿನ ಎರಡು ಸಂಬಳಗಳ ವ್ಯತ್ಯಾಸದ ಪಕ್ಕ ಆ ಮೊತ್ತ ಇಟ್ಟು ನೋಡಿ. 2024ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯ ಶೆಡೂರ್ ಸ್ಯಾಂಡರ್ಸ್ ಮತ್ತು ಟ್ರಾವಿಸ್ ಹಂಟರ್ ಇಬ್ಬರಿಗೂ ದೊಡ್ಡ ವಿಮೆ ಮಾಡಿಸಿ ಅಲಾಮೊ ಬೌಲ್ ಆಡಿಸಿತು. ಒಳ್ಳೆಯ ಕ್ರಮ. ಇಬ್ಬರಿಗೂ ಏನೂ ಆಗಲಿಲ್ಲ. ಹಂಟರ್ ಎರಡನೆಯ ಆಯ್ಕೆಯಾದ. ಸ್ಯಾಂಡರ್ಸ್ ಮೊದಲ ಸುತ್ತಿನಲ್ಲೇ ಹೋಗುತ್ತಾನೆ ಎಂದು ಎಷ್ಟೋ ಜನ ಹೇಳಿದ್ದರು. ಗಾಯವೇ ಇಲ್ಲದೆ ಐದನೇ ಸುತ್ತಿಗೆ ಜಾರಿದ. ಅದಕ್ಕೆ ಯಾವ ವಿಮೆಯೂ ಇಲ್ಲ ಬಿಡಿ.

ಈಗ ದೊಡ್ಡವರ ವಿಷಯ. 2021ರ ನವೆಂಬರ್ ಕೊನೆಯ ವಾರದಲ್ಲಿ ಒಕ್ಲಹೋಮಾದ ಕೋಚ್ ಲಿಂಕನ್ ರೈಲಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ (ಯುಎಸ್‌ಸಿ) ಹೊರಟರು. ಎರಡು ದಿನದಲ್ಲಿ ನೋಟ್ರ ಡೇಮ್‌ನ ಬ್ರಯನ್ ಕೆಲ್ಲಿ ಎಲ್‌ಎಸ್‌ಯುಗೆ ಹೊರಟರು, ತಂಡಕ್ಕೆ ಪ್ಲೇಆಫ್ ಆಸೆ ಇನ್ನೂ ಜೀವಂತ ಇರುವಾಗಲೇ. ಡಿಸೆಂಬರ್‌ನಲ್ಲಿ ಒರೆಗನ್‌ನ ಮಾರಿಯೊ ಕ್ರಿಸ್ಟೊಬಾಲ್ ಮಯಾಮಿಗೆ ಹೊರಟರು. ಆ ವರ್ಷದ ಅಲಾಮೊ ಬೌಲ್‌ನಲ್ಲಿ ಎದುರಾದದ್ದು ಒಕ್ಲಹೋಮಾ ಮತ್ತು ಒರೆಗನ್. ಎರಡೂ ತಂಡಕ್ಕೂ ಸೀಸನ್ ನಡೆಸಿದ ಕೋಚ್ ಇಲ್ಲ! ಒಕ್ಲಹೋಮಾದವರು ನಿವೃತ್ತರಾಗಿದ್ದ ಬಾಬ್ ಸ್ಟೂಪ್ಸ್ ಅವರನ್ನು ಮನೆಯಿಂದ ಕರೆತಂದರು. ಇವರನ್ನು ಯಾರೂ ಆಪ್ಟ್ ಔಟ್ ಮಾಡಿದರು ಅನ್ನಲಿಲ್ಲ. ಒಳ್ಳೆಯ ಅವಕಾಶ ಸಿಕ್ಕಿತು ಅಂದರು. 2025ರಲ್ಲಿ ಇನ್ನೂ ಮುಂದೆ ಹೋಯಿತು. ಹತ್ತು ಗೆದ್ದು ಎರಡು ಸೋತಿದ್ದ ನೋಟ್ರ ಡೇಮ್, ಪ್ಲೇಆಫ್‌ಗೆ ಕರೆಯಲಿಲ್ಲ ಎಂದು ಬೌಲ್ ಆಡುವುದೇ ಬೇಡ ಎಂದಿತು. ಇಡೀ ಸಂಸ್ಥೆಯೇ ಮಾಡಿದ ಆಪ್ಟ್ ಔಟ್ ಅದು.

ಹೀಗೆ ನೋಡಿದಾಗ 2022ರ ಜನವರಿ 1 ಒಂದು ವಿಚಿತ್ರ ದಿನ. ಬೆಳಿಗ್ಗೆ ಟಿವಿಯಲ್ಲಿ ಕರ್ಕ್ ಹರ್ಬ್‌ಸ್ಟ್ರೀಟ್, ಇದೇ ಓಹಾಯೋ ಸ್ಟೇಟ್‌ನ ಹಳೆಯ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವ), ಈ ಕಾಲದ ಹುಡುಗರಿಗೆ ಆಟದ ಮೇಲೆ ಪ್ರೀತಿಯೇ ಇಲ್ಲ ಎಂಬರ್ಥದ ಮಾತಾಡಿದರು. ಎಲ್ಲರನ್ನೂ ಸೇರಿಸಿ ಹೇಳಿದ್ದಲ್ಲ ಎಂದು ಆಮೇಲೆ ಸ್ಪಷ್ಟನೆ ಕೊಟ್ಟರು. ಆ ರಾತ್ರಿ ಶುಗರ್ ಬೌಲ್‌ನಲ್ಲಿ ಓಲೆ ಮಿಸ್‌ನ (ಮಿಸಿಸಿಪಿ ವಿಶ್ವವಿದ್ಯಾಲಯ) ಮ್ಯಾಟ್ ಕೊರಲ್, ಬಿಡಬಹುದಿದ್ದರೂ ಆಡಿದವನು, ಕಾಲು ಉಳುಕಿಸಿಕೊಂಡು ಊರುಗೋಲು ಹಿಡಿದ. ಅದೇ ದಿನ ರೋಸ್ ಬೌಲ್‌ನಲ್ಲಿ ನಮ್ಮವರಾದ ಗ್ಯಾರೆಟ್ ವಿಲ್ಸನ್, ಕ್ರಿಸ್ ಒಲಾವೆ ಇಬ್ಬರೂ ಆಡಲಿಲ್ಲ. ಅವರ ಜಾಗ ಖಾಲಿ ಇದ್ದದ್ದರಿಂದ ಜ್ಯಾಕ್ಸನ್ ಸ್ಮಿತ್-ಎಂಜಿಗ್ಬಾಗೆ ಚೆಂಡು ಮತ್ತೆ ಮತ್ತೆ ಬಂತು. 347 ಗಜ, ಬೌಲ್ ದಾಖಲೆ. ಮಾರ್ವಿನ್ ಹ್ಯಾರಿಸನ್ ಜೂನಿಯರ್ ಎಂಬ ಹೊಸ ಹುಡುಗ ಮೂರು ಟಚ್‌ಡೌನ್ ಹಿಡಿದ. 48-45, ಗೆಲುವು ನಮ್ಮದು. ಏಪ್ರಿಲ್‌ನಲ್ಲಿ ವಿಲ್ಸನ್ 10ನೆಯವನು, ಒಲಾವೆ 11ನೆಯವನು.

ಎರಡು ವರ್ಷದ ನಂತರ ಹ್ಯಾರಿಸನ್‌ನ ಸರದಿ ಬಂತು. 2023ರ ಡಿಸೆಂಬರ್ 29ರ ಕಾಟನ್ ಬೌಲ್‌ಗೆ ಅವನು ಆಡಲಿಲ್ಲ. ಕ್ವಾರ್ಟರ್‌ಬ್ಯಾಕ್ ಅಷ್ಟರಲ್ಲಿ ಬೇರೆ ಕಾಲೇಜಿಗೆ ಹೋಗಿದ್ದ. ಮಿಸೂರಿ ವಿರುದ್ಧ 14-3ರಲ್ಲಿ ಸೋತೆವು. ಆ ಪಂದ್ಯ ನೋಡಿದವರಿಗೆ ಬೇಸರವಾದದ್ದು ನಿಜ. ನನಗೂ ಆಯಿತು. ಒಂದು ಟಚ್‌ಡೌನ್ ಕೂಡ ಇಲ್ಲ ಅಂದರೆ!

ಮುಂದಿನ ಸೀಸನ್‌ನಲ್ಲಿ ಅದೇ ಕಾಟನ್ ಬೌಲ್, ಟೆಕ್ಸಸ್‌ನ ಅದೇ ಆರ್ಲಿಂಗ್ಟನ್ ಸ್ಟೇಡಿಯಂ, ನಮ್ಮದೇ ತಂಡ. ಈ ಸಲ ಅದು 12 ತಂಡಗಳ ಹೊಸ ಪ್ಲೇಆಫ್‌ನ ಸೆಮಿಫೈನಲ್. ಡ್ರಾಫ್ಟ್‌ಗೆ ಹೋಗಬಹುದಿದ್ದ ಎಷ್ಟೋ ಜನ ಹುಡುಗರು ಒಂದು ವರ್ಷ ಉಳಿದುಕೊಂಡಿದ್ದರು. ಎಮೆಕಾ ಎಗ್ಬುಕಾ, ಟ್ರೆವೆಯನ್ ಹೆಂಡರ್ಸನ್, ಜ್ಯಾಕ್ ಸಾಯರ್. ಯಾರೂ ಹಿಂದೆ ಸರಿಯಲಿಲ್ಲ. ಸಾಯರ್ ಎದುರಾಳಿಯ ಕೈಯಿಂದ ಚೆಂಡು ಬೀಳಿಸಿ 83 ಗಜ ಓಡಿದ. ಹತ್ತು ದಿನದ ನಂತರ ಅಟ್ಲಾಂಟಾದಲ್ಲಿ ಪಟ್ಟ ಗೆದ್ದರು. ಒಟ್ಟು 16 ಪಂದ್ಯ ಆಡಿದ್ದರು, ಎನ್‌ಎಫ್‌ಎಲ್ ಸೀಸನ್‌ಗಿಂತ ಒಂದು ಕಡಿಮೆ. ಹನ್ನೆರಡು ತಿಂಗಳಲ್ಲಿ ಹುಡುಗರ ಗುಣ ಬದಲಾಯಿತೇ? ಪಂದ್ಯ ಬದಲಾಗಿತ್ತು. ಇನ್ನೊಂದು, ಹಣವೂ ಬಂದಿತ್ತು. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖದ ಮೇಲೆ ಹಣ ಗಳಿಸಬಹುದು. ಆ ಗೆದ್ದ ತಂಡದ ಹುಡುಗರಿಗೆ ಈ ದಾರಿಯಲ್ಲಿ ಸುಮಾರು 2 ಕೋಟಿ ಡಾಲರ್ ಸಿಕ್ಕಿತ್ತು ಎಂದು ಕಾಲೇಜಿನ ಕ್ರೀಡಾ ನಿರ್ದೇಶಕರೇ ಹೇಳಿದ್ದಾರೆ. ಬೀಳುವ ಭಯ ಕಡಿಮೆಯಾದರೆ ಉಳಿಯುವ ಧೈರ್ಯ ಬರುತ್ತದೆ, ಅಲ್ವಾ?

ಎದುರು ವಾದದಲ್ಲಿ ನನ್ನನ್ನು ನಿಜವಾಗಿ ಕಾಡುವುದು ಒಂದೇ. ಕಾಲೇಜಿನಲ್ಲಿ ಆಡುವ ನೂರರಲ್ಲಿ ಇಬ್ಬರು ಕೂಡ ಎನ್‌ಎಫ್‌ಎಲ್ ತಲುಪುವುದಿಲ್ಲ. ಉಳಿದವರಿಗೆ ಈ ಬೌಲ್ ಜೀವನದ ಕೊನೆಯ ಪಂದ್ಯ. ಆಮೇಲೆ ಇನ್ಶೂರೆನ್ಸ್ ಆಫೀಸೋ, ಶಾಲೆಯ ಕೆಲಸವೋ. 2023ರಲ್ಲಿ ಫ್ಲಾರಿಡಾ ಸ್ಟೇಟ್ 13ಕ್ಕೆ 13 ಗೆದ್ದರೂ ಪ್ಲೇಆಫ್ ಸಮಿತಿ ಬಿಟ್ಟುಹಾಕಿತು, ಕ್ವಾರ್ಟರ್‌ಬ್ಯಾಕ್ ಕಾಲು ಮುರಿದಿದೆ ಎಂಬ ಕಾರಣ. ಡ್ರಾಫ್ಟ್, ವರ್ಗಾವಣೆ, ಗಾಯ ಎಲ್ಲ ಸೇರಿ ಇಪ್ಪತ್ತಕ್ಕೂ ಹೆಚ್ಚು ಜನ ಆರೆಂಜ್ ಬೌಲ್‌ಗೆ ಇರಲಿಲ್ಲ. ಜಾರ್ಜಿಯಾ 63-3ರಲ್ಲಿ ಸದೆಬಡಿಯಿತು. ಅವತ್ತು ಮೈದಾನಕ್ಕೆ ಇಳಿದ ಹುಡುಗರು ಸೀಸನ್ ಪೂರ್ತಿ ಸೋತೇ ಇರಲಿಲ್ಲ. ಕೊನೆಗೆ ನೆನಪಿಗೆ ಉಳಿದದ್ದು ಆ ಅಂಕಿ. ಅವರ ಬಗ್ಗೆ ನನಗೆ ಸಂಕಟವಿದೆ. ಆದರೆ ಆ ಸಂಕಟಕ್ಕೆ ಮೊದಲ ಹೊಣೆ ಪಂದ್ಯದ ಅರ್ಥವನ್ನು ಕಿತ್ತುಕೊಂಡ ಸಮಿತಿಯದು.

ಪ್ರಶ್ನೆಗಳಿಗೆ ಬರುತ್ತೇನೆ.

ಒಬ್ಬರು ಕೇಳಿದರು, ನಮ್ಮ ಕ್ರಿಕೆಟಿಗರು ರಣಜಿ ಬಿಟ್ಟು ಐಪಿಎಲ್‌ಗೆ ಮೈ ಉಳಿಸಿಕೊಳ್ಳುವುದೂ ಇದೇ ಅಲ್ಲವೇ ಎಂದು. ಮೇಲ್ನೋಟಕ್ಕೆ ಹೌದು. ಆದರೆ ರಣಜಿ ಆಡುವವನಿಗೆ 2021ರಿಂದ ದಿನಕ್ಕೆ 40 ರಿಂದ 60 ಸಾವಿರ ರೂಪಾಯಿ ಸಂಭಾವನೆ ಇದೆ. ಬಿಸಿಸಿಐ ಜೊತೆ ಒಪ್ಪಂದ ಇರುವವನಿಗೆ ವರ್ಷಕ್ಕೆ ಕೋಟಿಗಳ ಲೆಕ್ಕ. ಹಾಗಾಗಿ ಮಂಡಳಿ ‘ಆಡಲೇಬೇಕು’ ಎಂದು ಹೇಳಲು ಒಂದು ಆಧಾರವಿದೆ. 2024ರಲ್ಲಿ ಇಶಾನ್ ಕಿಶನ್, ಶ್ರೇಯಸ್ ಅಯ್ಯರ್ ಹೆಸರು ಆ ಪಟ್ಟಿಯಿಂದ ಹೋಯಿತು. 2016ರ ಮೆಕ್‌ಕ್ಯಾಫ್ರಿಗೆ ಸಂಬಳವೂ ಇರಲಿಲ್ಲ, ಅಂಥ ಒಪ್ಪಂದವೂ ಇರಲಿಲ್ಲ. ಫೀಸು, ಊಟ, ವಸತಿ ಇತ್ತು.

ಇನ್ನೊಬ್ಬರು, ಹಾಗಾದರೆ ಪರಿಹಾರ ಏನು ಸಾರ್ ಎಂದರು. 2025ರಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು, ಮೊದಲ ವರ್ಷದ ಮಿತಿ ಒಂದು ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್. ಇನ್ನು ಬೌಲ್ ಆಡಿದರೆ ಇಷ್ಟು ಎಂದು ಕಾಗದದ ಮೇಲೆ ಬರೆಯಬಹುದು, ಜೊತೆಗೆ ವಿಮೆಯ ಖರ್ಚನ್ನೂ ಕೊಡಬಹುದು. ಆಗ ಒಪ್ಪಿ ಸಹಿ ಹಾಕಿದವನು ಬಿಟ್ಟರೆ ಬೈಯೋಣ. ಅದಾಗದಿದ್ದರೆ ಆ 35 ಬೌಲ್‌ಗಳನ್ನು ಮುಂದಿನ ವರ್ಷದ ಹುಡುಗರಿಗೆ ಬಿಟ್ಟುಕೊಡಲಿ. ಎರಡನೇ ಸಾಲಿನಲ್ಲಿ ಕಾಯುತ್ತಿರುವವರಿಗೆ ಡಿಸೆಂಬರ್‌ನ ಅಭ್ಯಾಸ ಮತ್ತು ಟಿವಿಯಲ್ಲಿ ಮೂರು ಗಂಟೆ ಸಿಗುತ್ತದೆ. ಮೇಯನೇಸ್ ಸುರಿಯಲು ಅಷ್ಟು ಸಾಕು.